ಸಂಕ್ರಾಂತಿಗೆ ಮನೆಯಲ್ಲೇ ಎಳ್ಳು-ಬೆಲ್ಲ, ಸಕ್ಕರೆ ಅಚ್ಚು. ಬೀರಲು ಕೈಯಾರೆ ಮಾಡಿದ ಪೊಟ್ಟಣ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಗಾಂಧಿ ಬಜಾರು, ಮಲ್ಲೇಶ್ವರದ 8ನೇ ಕ್ರಾಸು, ಜಯನಗರ 4ನೇ ಬ್ಲಾಕಿನ ಅಂಗಡಿಗಳ ಮುಂದೆ ಬೆರೆಸಿದ ಎಳ್ಳು ರಾಶಿ ರಾಶಿಯಾಗಿ ಕೂರುತ್ತದೆ. ತೂಗಿಸಿ ತಂದು ಡಬ್ಬಿಗೆ ಸುರಿದರೆ ಹಬ್ಬದ ಕೆಲಸ ಮುಗಿದಂತೆಯೇ. ಆದರೆ ಅದರಲ್ಲಿ ಒಂದು ಹಿಡಿ ಬಾಯಿಗೆ ಹಾಕಿಕೊಂಡು ನೋಡಿ. ಎಷ್ಟೋ ಸಲ ಕೊಬ್ಬರಿ ಮೆತ್ತಗಿರುತ್ತದೆ, ಕಡಲೆಬೀಜ ಸರಿಯಾಗಿ ಹುರಿದಿರುವುದಿಲ್ಲ, ಬೆಲ್ಲದ ಚೂರುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮನೆಯಲ್ಲಿ ಮಾಡಿದ ಎಳ್ಳಿನಲ್ಲಿ ಐದು ಸಾಮಾನೂ ಒಟ್ಟಿಗೆ ಹಲ್ಲಿಗೆ ಸಿಗುತ್ತವೆ, ಒಂದೂ ಮಿಕ್ಕಿದ್ದನ್ನು ಮುಚ್ಚಿಹಾಕುವುದಿಲ್ಲ. ಇದಕ್ಕೆ ದೊಡ್ಡ ಕೈಚಳಕವೇನೂ ಬೇಡ. ಎಲ್ಲವನ್ನೂ ಒಂದೇ ಗಾತ್ರಕ್ಕೆ ಹೆಚ್ಚಬೇಕು, ಚೆನ್ನಾಗಿ ಒಣಗಿಸಬೇಕು. ಎರಡಕ್ಕೂ ಬೇಕಾದದ್ದು ದಿನಗಳು. ಅದಕ್ಕೇ ನನ್ನ ಮೊದಲ ಸಲಹೆ: ಹಬ್ಬದ ಹಿಂದಿನ ದಿನ ಶುರುಮಾಡುವುದಾದರೆ ಅಂಗಡಿಯದನ್ನೇ ತನ್ನಿ. ಮನೆಯಲ್ಲೇ ಮಾಡುವುದಾದರೆ ಜನವರಿಯ ಮೊದಲ ಭಾನುವಾರ ಚೀಲ ಹಿಡಿದು ಹೊರಡಿ.

ಸಂಕ್ರಾಂತಿ ಜನವರಿ 14ಕ್ಕೋ 15ಕ್ಕೋ ಬರುತ್ತದೆ. ಮೊದಲ ಭಾನುವಾರ ಸಾಮಾನು ತಂದರೆ, ಆ ವಾರದ ರಾತ್ರಿಗಳಲ್ಲಿ ಊಟವಾದ ಮೇಲೆ ಅರ್ಧರ್ಧ ಗಂಟೆ ಹೆಚ್ಚುತ್ತಾ ಬರಬಹುದು. ಎರಡನೆಯ ಶನಿವಾರ, ಭಾನುವಾರ ಬಿಸಿಲಿಗೆ, ಸಕ್ಕರೆ ಅಚ್ಚಿಗೆ. ಪೊಟ್ಟಣ, ಚೀಲಗಳ ಕೆಲಸವನ್ನು ಟಿವಿ ನೋಡುತ್ತಲೇ ಮುಗಿಸಬಹುದು.

ಏನೇನು, ಎಷ್ಟೆಷ್ಟು

20 ಮನೆಗೆ ತಲಾ 50 ಗ್ರಾಂ ಬೀರಿ, ಮನೆಯವರಿಗೂ ಸ್ವಲ್ಪ ಉಳಿಯಬೇಕೆಂದರೆ ಈ ಲೆಕ್ಕ ಸಾಕು:

ಹುರಿಗಡಲೆ 250 ಗ್ರಾಂ
ಕಡಲೆಬೀಜ 300 ಗ್ರಾಂ
ಅಚ್ಚು ಬೆಲ್ಲ 350 ಗ್ರಾಂ
ಒಣ ಕೊಬ್ಬರಿ 350 ಗ್ರಾಂ
ಬಿಳಿ ಎಳ್ಳು 150 ಗ್ರಾಂ
ಬಣ್ಣದ ಜೀರಿಗೆ ಪೆಪ್ಪರಮಿಂಟು ಒಂದು ಹಿಡಿ, ಮಕ್ಕಳಿದ್ದರೆ

ಬೆಲ್ಲ, ಕೊಬ್ಬರಿಯನ್ನು ಹೆಚ್ಚಿಗೆ ಬರೆದದ್ದಕ್ಕೆ ಕಾರಣವಿದೆ. ಬೆಲ್ಲ ಹೆಚ್ಚುವಾಗ ಪುಡಿ ಉದುರುತ್ತದೆ, ಕೊಬ್ಬರಿಯ ಕಂದು ಸಿಪ್ಪೆ ಹೆರೆದು ತೆಗೆಯಬೇಕಾಗುತ್ತದೆ. ಇವೆಲ್ಲ ಕಳೆದು ಕೊನೆಗೆ ಎಳ್ಳೊಂದನ್ನು ಬಿಟ್ಟು ಉಳಿದ ನಾಲ್ಕೂ ಹೆಚ್ಚುಕಡಿಮೆ ಸಮನಾಗಿ ಉಳಿಯುತ್ತವೆ. ಎಳ್ಳು ಜಾಸ್ತಿಯಾದರೆ ಡಬ್ಬಿಯ ತಳಕ್ಕೆ ಇಳಿದು ಕೂರುತ್ತದೆ, ಮೇಲಿನ ಪಾಲು ಪಡೆದವರಿಗೆ ಎಳ್ಳೇ ಸಿಗುವುದಿಲ್ಲ.

ಕೊಬ್ಬರಿಗೆ ತಿಪಟೂರಿನದಾದರೆ ಒಳ್ಳೆಯದು. ಬೆಂಗಳೂರಿನ ಹಳೆಯ ದಿನಸಿ ಅಂಗಡಿಗಳಲ್ಲಿ ಹೆಸರು ಹೇಳಿಯೇ ಮಾರುತ್ತಾರೆ. ಗಿಟುಕನ್ನು ಕೈಯಲ್ಲಿ ಹಿಡಿದು ಒಳಭಾಗ ನೋಡಿ. ಹಸಿರು, ಕಪ್ಪು ಮಚ್ಚೆಯಿದ್ದರೆ ಬೂಸ್ಟು ಹಿಡಿದಿದೆ ಎಂದೇ ಅರ್ಥ. ಮೂಸಿದಾಗ ಹಳೆ ಎಣ್ಣೆಯ ವಾಸನೆ ಬಂದರೆ ಅದನ್ನೂ ಬಿಡಿ. ತುರಿದಿಟ್ಟ ಕೊಬ್ಬರಿ ಈ ಕೆಲಸಕ್ಕೆ ಬರುವುದಿಲ್ಲ.

ಬೆಲ್ಲದ ವಿಷಯದಲ್ಲಿ ಬಣ್ಣಕ್ಕೆ ಮರುಳಾಗಬೇಡಿ. ತೀರ ಹಳದಿಯಾಗಿ ಹೊಳೆಯುವ ಬೆಲ್ಲವನ್ನು ಹಲವು ಕಡೆ ಹೈಡ್ರೋಸ್ ಎಂಬ ರಾಸಾಯನಿಕ ಹಾಕಿ ಬಿಳುಪು ಮಾಡಿರುತ್ತಾರೆ. ಸ್ವಲ್ಪ ಕಂದಾಗಿದ್ದರೂ ಗಟ್ಟಿಯಾಗಿರುವ ಅಚ್ಚು ಬೆಲ್ಲ ಆರಿಸಿ. ಉಗುರಿನಿಂದ ಒತ್ತಿದಾಗ ಗುರುತು ಬೀಳಬಾರದು. ಮೆತ್ತಗಿನ ಬೆಲ್ಲ ಹೋಳಿಗೆಗೆ ಚೆನ್ನ, ಎಳ್ಳಿಗೆ ಬೇಡ.

ಕಡಲೆಬೀಜಕ್ಕೆ ಈ ಊರಿನಲ್ಲಿ ಒಂದು ಅನುಕೂಲವಿದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಅಲ್ಲಿ ಕೊಂಡ ಹಸಿ ಕಾಯನ್ನು ಒಣಗಿಸಿಟ್ಟುಕೊಂಡರೆ ಸಂಕ್ರಾಂತಿಗೆ ಸುಲಿದು ಬಳಸಬಹುದು. ಹೊಸ ಬೆಳೆಯ ಬೀಜಕ್ಕಿರುವ ಸಿಹಿ ಹಳೆಯದಕ್ಕೆ ಬರುವುದಿಲ್ಲ. ಪರಿಷೆ ತಪ್ಪಿದರೂ ಚಿಂತೆಯಿಲ್ಲ, ದಿನಸಿ ಅಂಗಡಿಯ ದಪ್ಪ ಬೀಜವೇ ಸಾಕು. ಜೊಳ್ಳು, ಕಪ್ಪಾದದ್ದು ಆರಿಸಿ ತೆಗೆದರಾಯಿತು.

ಹೆಚ್ಚುವುದು

ಎಲ್ಲಕ್ಕೂ ಅಳತೆಗೋಲು ಹುರಿಗಡಲೆ. ಕೊಬ್ಬರಿ, ಬೆಲ್ಲದ ಚೂರುಗಳು ಅದರಷ್ಟೇ ಇರಬೇಕು. ಇದೊಂದನ್ನು ಪಾಲಿಸಿದರೆ ಮುಕ್ಕಾಲು ಕೆಲಸ ಆದಂತೆ.

ಕೊಬ್ಬರಿಯಿಂದ ಆರಂಭಿಸಿ. ತರಕಾರಿ ಸಿಪ್ಪೆ ತೆಗೆಯುವ ಪೀಲರಿನಿಂದ ಹೊರಗಿನ ಕಂದು ಪದರವನ್ನು ಪೂರ್ತಿ ಹೆರೆಯಿರಿ, ಬಿಳಿ ಕಾಣಬೇಕು. ಹೆರೆದದ್ದನ್ನು ಎಸೆಯಬೇಡಿ, ಚಟ್ನಿಪುಡಿಗೆ ಬರುತ್ತದೆ. ಗಿಟುಕನ್ನು ಮೊದಲು ಉದ್ದುದ್ದ ಪಟ್ಟಿಯಾಗಿ, ಆಮೇಲೆ ಆ ಪಟ್ಟಿಗಳನ್ನು ಅಡ್ಡಡ್ಡ ಹೆಚ್ಚಿ. ಬೆಂಗಳೂರಿನ ಜನವರಿ ಬೆಳಗಿನ ಚಳಿಯಲ್ಲಿ ಕೊಬ್ಬರಿ ಬಿರುಸಾಗಿ ಸಿಡಿಯುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದಲ್ಲ, ಅದೇ ಕಾರಣ. ಅರ್ಧ ಗಂಟೆ ಬಿಸಿಲಿಗಿಟ್ಟು ಹೆಚ್ಚಿದರೆ ಚಾಕು ಸಲೀಸಾಗಿ ಇಳಿಯುತ್ತದೆ.

ಬೆಲ್ಲಕ್ಕೆ ಮನೆಯಲ್ಲಿ ಹಳೆಯ ಅಡಕತ್ತರಿ ಇದ್ದರೆ ಹುಡುಕಿ ತೆಗೆಯಿರಿ. ಬೆಲ್ಲವನ್ನು ಕುಟ್ಟಾಣಿಯಿಂದ ನಾಲ್ಕೈದು ತುಂಡು ಮಾಡಿ, ಪ್ರತಿ ತುಂಡನ್ನೂ ಅಡಕತ್ತರಿಯ ಬಾಯಿಗೆ ಕೊಟ್ಟು ಸಣ್ಣಗೆ ಕತ್ತರಿಸುವುದು. ಚಾಕುವಿನಲ್ಲಿ ಒತ್ತಿ ಹೆಚ್ಚಿದರೆ ಅರ್ಧ ಬೆಲ್ಲ ಪುಡಿಯಾಗುತ್ತದೆ. ಅಡಕತ್ತರಿ ಎರಡೂ ಕಡೆಯಿಂದ ಹಿಡಿದು ಕತ್ತರಿಸುವುದರಿಂದ ಚೂರು ಚೂರಾಗಿಯೇ ಬೀಳುತ್ತದೆ. ಅದಿಲ್ಲದವರು ಭಾರದ ಚಾಕುವಿನಿಂದ ಬೆಲ್ಲವನ್ನು ತೆಳು ಹಲ್ಲೆಗಳಾಗಿ ಸೀಳಿ, ಆ ಹಲ್ಲೆಗಳನ್ನು ಹೆಚ್ಚಲಿ. ಕೈ, ಚಾಕು, ಮಣೆ ಮೂರೂ ಒಣಗಿರಬೇಕು. ಹೆಚ್ಚಿದ್ದನ್ನು ಆಗಾಗ ಜರಡಿಯಲ್ಲಿ ಆಡಿಸಿ ಪುಡಿಯನ್ನು ಬೇರೆ ಪಾತ್ರೆಗೆ ತೆಗೆದಿಡಿ. ಆ ಪುಡಿಗೆ ಮುಂದೆ ಒಳ್ಳೆಯ ಕೆಲಸವಿದೆ.

ಇದನ್ನು ಒಬ್ಬರೇ ಕೂತು ಮಾಡಬೇಡಿ. ಅಜ್ಜಿ ಇದ್ದರೆ ಅಡಕತ್ತರಿ ಅವರ ಕೈಗೆ ಕೊಡಿ, ಅವರ ವೇಗ ನಿಮಗೆ ಬರುವುದಿಲ್ಲ. ಮಕ್ಕಳಿಗೆ ಕಡಲೆಬೀಜ ಎರಡಾಗಿ ಒಡೆಯುವ ಕೆಲಸ ಕೊಡಿ. ಬಾಯಿಗೆ ಎಷ್ಟು ಹೋಗುತ್ತದೆ, ಡಬ್ಬಿಗೆ ಎಷ್ಟು ಬೀಳುತ್ತದೆ ಎಂದು ಲೆಕ್ಕ ಇಡಬೇಡಿ. ಹಬ್ಬ ಶುರುವಾಗುವುದೇ ಅಲ್ಲಿಂದ.

ಹುರಿಯುವುದು, ಒಣಗಿಸುವುದು

ಕಡಲೆಬೀಜವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 10ರಿಂದ 12 ನಿಮಿಷ ಹುರಿಯಿರಿ. ಉರಿ ಜೋರಾದರೆ ಹೊರಗೆ ಮಚ್ಚೆ ಬೀಳುತ್ತದೆ, ಒಳಗೆ ಹಸಿಯೇ ಉಳಿಯುತ್ತದೆ. ಒಂದು ಬೀಜ ತೆಗೆದು ಆರಲು ಬಿಟ್ಟು ಕಚ್ಚಿ ನೋಡಿ. ಬಿಸಿಯಲ್ಲಿ ಎಲ್ಲ ಬೀಜವೂ ಮೆತ್ತಗೇ ಅನಿಸುತ್ತದೆ, ಆರಿದ ಮೇಲಷ್ಟೇ ನಿಜ ಗೊತ್ತಾಗುವುದು. ಪೂರ್ತಿ ಆರಿದ ಮೇಲೆ ಒರಟು ಬಟ್ಟೆಯಲ್ಲಿ ಕಟ್ಟಿ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿ. ಮೊರವಿಲ್ಲದಿದ್ದರೆ ಅಗಲ ತಟ್ಟೆಯಲ್ಲಿ ಹರಡಿ, ಬಾಲ್ಕನಿಯಲ್ಲಿ ನಿಂತು ಮೆಲ್ಲಗೆ ಊದಿದರೂ ಆದೀತು, ಕೆಳಗಿನ ಮನೆಯವರು ಬಟ್ಟೆ ಒಣಹಾಕಿಲ್ಲ ಎಂದು ನೋಡಿಕೊಂಡು.

ಎಳ್ಳಿಗೆ ನಾಲ್ಕೈದು ನಿಮಿಷ ಸಾಕು, ಅದೂ ಸಣ್ಣ ಉರಿಯಲ್ಲಿ, ಒಂದು ಹಿಡಿಯಷ್ಟೇ ಒಂದು ಸಲಕ್ಕೆ. ಚಟಪಟ ಅಂದು ಕಾಳು ಉಬ್ಬುತ್ತಿದ್ದಂತೆ ಬೇರೆ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಕೆಂಪಗಾಗಿ ಕಹಿ ಬರುತ್ತದೆ. ಹುರಿಗಡಲೆ ಮೊದಲೇ ಹುರಿದದ್ದು, ಬೆಚ್ಚಗಾಗುವಷ್ಟು ಬಾಣಲೆಯಲ್ಲಿ ಆಡಿಸಿದರೆ ಗರಿಗರಿಯಾಗುತ್ತದೆ.

ಇನ್ನು ಬಿಸಿಲು. ಕೊಬ್ಬರಿ, ಬೆಲ್ಲವನ್ನು ಬೇರೆ ಬೇರೆ ತಟ್ಟೆಗಳಲ್ಲಿ ಒಂದೇ ಪದರವಾಗಿ ಹರಡಿ ಎರಡು ದಿನ ಒಣಗಿಸಬೇಕು. ಈ ಊರಿನಲ್ಲಿ ಬೆಳಿಗ್ಗೆ ಮಂಜು ಇರುತ್ತದೆ, ಸಂಜೆ ಐದಕ್ಕೇ ತಂಪು ಏರುತ್ತದೆ. ಹಾಗಾಗಿ ಹತ್ತೂವರೆಗೆ ಇಟ್ಟು ನಾಲ್ಕಕ್ಕೆ ಒಳಗೆ ತನ್ನಿ. ಇಬ್ಬನಿ ಬಿದ್ದ ಬೆಲ್ಲ ಅಂಟಂಟಾಗಿಬಿಡುತ್ತದೆ, ಮರುದಿನದ ಬಿಸಿಲೂ ಅದನ್ನು ಸರಿಮಾಡುವುದಿಲ್ಲ. ತಟ್ಟೆಯ ಮೇಲೆ ತೆಳು ಮಲ್‌ಮಲ್ ಬಟ್ಟೆ ಕಟ್ಟಿ, ಇರುವೆ, ಪಾರಿವಾಳ ಎರಡರಿಂದಲೂ ರಕ್ಷಣೆ ಸಿಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಟೆರೇಸಿಗೆ ಬೀಗ ಹಾಕಿದ್ದರೆ, ಬಾಲ್ಕನಿಗೆ ಬಿಸಿಲೇ ಬಾರದಿದ್ದರೆ, ಕೊಬ್ಬರಿಯನ್ನು ಮಾತ್ರ ಒವನ್‌ನಲ್ಲಿ ಅತಿ ಕಡಿಮೆ ಶಾಖಕ್ಕೆ, ಬಾಗಿಲು ಸ್ವಲ್ಪ ತೆರೆದಿಟ್ಟು ಒಣಗಿಸಬಹುದು. ಬೆಲ್ಲವನ್ನು ಒವನ್‌ಗೆ ಇಡಬೇಡಿ, ಕರಗುತ್ತದೆ. ಫ್ಯಾನಿನ ಕೆಳಗೆ ಹರಡಿ, ದಿನಕ್ಕೆರಡು ಸಲ ಕೈಯಾಡಿಸಿ. ಆಮೇಲೂ ಕೊಂಚ ಅಂಟಿದರೆ ಹುರಿದು ಆರಿದ ಎಳ್ಳಿನಲ್ಲಿ ಹೊರಳಿಸಿ. ಎಳ್ಳು ಬೆಲ್ಲದ ಮೈಗೆ ಹತ್ತಿಕೊಂಡು ಚೂರುಗಳನ್ನು ಬಿಡಿಬಿಡಿಯಾಗಿ ಇಡುತ್ತದೆ.

ಬೆರೆಸುವುದು ಹಬ್ಬಕ್ಕೆ ಒಂದು ದಿನ ಮುಂಚೆ ಸಾಕು. ಯಾವುದರಲ್ಲೂ ಬಿಸಿ ಇರಬಾರದು. ಕಡಲೆಬೀಜದಲ್ಲಿ ಒಂದಿಷ್ಟು ಕಾವು ಉಳಿದಿದ್ದರೂ ಡಬ್ಬಿಯೊಳಗೆ ಬೆವರುತ್ತದೆ. ಅಗಲ ಪಾತ್ರೆಯಲ್ಲಿ ಹುರಿಗಡಲೆ, ಕಡಲೆಬೀಜ, ಕೊಬ್ಬರಿ ಹಾಕಿ ಕೈಯಾಡಿಸಿ, ಆಮೇಲೆ ಬೆಲ್ಲ, ಕೊನೆಗೆ ಎಳ್ಳು. ಬಣ್ಣದ ಪೆಪ್ಪರಮಿಂಟನ್ನು ಪೊಟ್ಟಣ ಕಟ್ಟುವಾಗ ಮೇಲೆ ಉದುರಿಸಿ. ಮೊದಲೇ ಬೆರೆಸಿದರೆ ಅದರ ಬಣ್ಣ ಕೊಬ್ಬರಿಗೆ ಹತ್ತುತ್ತದೆ.

ಸಕ್ಕರೆ ಅಚ್ಚು

ಇದು ಸುಲಭ ಎಂದು ಹೇಳಲಾರೆ. ಮೊದಲ ಬಾರಿ ಮಾಡುವವರು ಅರ್ಧ ಕಿಲೋ ಸಕ್ಕರೆಯಲ್ಲಿ ಮಾಡಿ ನೋಡಲಿ. ಆದರೆ ಪಾಕ ಒಮ್ಮೆ ಕೈಗೆ ಹತ್ತಿತೆಂದರೆ ಇಷ್ಟು ಸಂತೋಷ ಕೊಡುವ ಕೆಲಸ ಅಡುಗೆಮನೆಯಲ್ಲಿ ಇನ್ನೊಂದಿಲ್ಲ. ಮರದ ಅಚ್ಚು ಬಿಚ್ಚಿದಾಗ ಒಳಗಿನಿಂದ ಆನೆ, ಕುದುರೆ, ಮೀನು, ತುಳಸಿಕಟ್ಟೆ ಬೆಳ್ಳಗೆ ಎದ್ದು ನಿಲ್ಲುವುದನ್ನು ಮಕ್ಕಳು ನೋಡಬೇಕು.

ಮರದ ಅಚ್ಚುಗಳು ಡಿಸೆಂಬರ್ ಕೊನೆಯಿಂದ ಗಾಂಧಿ ಬಜಾರು, ಮಲ್ಲೇಶ್ವರದ ರಸ್ತೆಬದಿಯಲ್ಲಿ ಸಿಗುತ್ತವೆ. ಕೊಳ್ಳುವಾಗ ಎರಡು ಭಾಗಗಳನ್ನು ಸೇರಿಸಿ ಬೆಳಕಿಗೆ ಹಿಡಿಯಿರಿ. ಸಂದಿಯಲ್ಲಿ ಬೆಳಕು ಕಂಡರೆ ಪಾಕವೂ ಅಲ್ಲಿಂದಲೇ ಸೋರುತ್ತದೆ. ಒಳಗಿನ ಕೆತ್ತನೆಯಲ್ಲಿ ಬೆರಳಾಡಿಸಿ, ಸಿಬಿರು ಇರಬಾರದು.

ಹಿಂದಿನ ರಾತ್ರಿ: ಅಚ್ಚುಗಳನ್ನು ಸೋಪು ಹಾಕದೆ ತೊಳೆದು, ಮುಳುಗುವಷ್ಟು ನೀರಿನಲ್ಲಿ ನೆನೆಹಾಕಿ. ನೀರು ಕುಡಿದ ಮರಕ್ಕೆ ಸಕ್ಕರೆ ಅಂಟುವುದಿಲ್ಲ. ಒಣ ಅಚ್ಚಿಗೆ ಪಾಕ ಹೊಯ್ದರೆ ಬಿಡಿಸುವಾಗ ಆನೆಯ ಸೊಂಡಿಲು ಅಚ್ಚಿನಲ್ಲೇ ಉಳಿಯುತ್ತದೆ.

ಬೆಳಿಗ್ಗೆ: ನೀರು ಬಸಿದು, ಎರಡೂ ಭಾಗ ಸೇರಿಸಿ ರಬ್ಬರ್ ಬ್ಯಾಂಡ್ ಬಿಗಿಯಾಗಿ ಸುತ್ತಿ, ಒದ್ದೆ ಬಟ್ಟೆಯ ಮೇಲೆ ಬಾಯಿ ಮೇಲಾಗಿ ಸಾಲಾಗಿ ನಿಲ್ಲಿಸಿ. ಒಲೆ ಹಚ್ಚುವ ಮೊದಲೇ ಇದು ಆಗಿರಬೇಕು. ಪಾಕ ಬಂದ ಮೇಲೆ ರಬ್ಬರ್ ಬ್ಯಾಂಡ್ ಹುಡುಕಲು ಸಮಯ ಇರುವುದಿಲ್ಲ.

ಪಾಕ: 500 ಗ್ರಾಂ ಸಕ್ಕರೆಗೆ 250 ಮಿಲಿಲೀಟರ್ ನೀರು ಹಾಕಿ ಕರಗಿಸಿ ಕುದಿಸಿ. ಕುದಿ ಬಂದಾಗ ಎರಡು ಚಮಚ ಹಾಲು ಹಾಕಿ. ಸಕ್ಕರೆಯ ಕೊಳೆಯೆಲ್ಲ ಬೂದು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ಸೌಟಿನಿಂದ ತೆಗೆದು, ಉಳಿದದ್ದನ್ನು ಒದ್ದೆ ಮಾಡಿ ಹಿಂಡಿದ ತೆಳು ಬಟ್ಟೆಯಲ್ಲಿ ಸೋಸಿ. ಅಚ್ಚಿನ ಬಿಳುಪು ಈ ಸೋಸುವುದರಲ್ಲಿದೆ.

ಸೋಸಿದ ಪಾಕವನ್ನು ಒಟ್ಟಿಗೆ ಕುದಿಸಬೇಡಿ. ಒಂದು ದೊಡ್ಡ ಸೌಟಿನಷ್ಟನ್ನು ಮೂತಿಯಿರುವ ಚಿಕ್ಕ ದಪ್ಪ ಪಾತ್ರೆಗೆ ತೆಗೆದುಕೊಂಡು ಮಧ್ಯಮ ಉರಿಯಲ್ಲಿ ಕುದಿಸಿ. ಎಳೆ ಬರುವ ಹಂತ ದಾಟಿ ಗುಳ್ಳೆಗಳು ದಪ್ಪಗಾಗುತ್ತವೆ. ಬಟ್ಟಲಿನ ತಣ್ಣೀರಿಗೆ ಒಂದು ಹನಿ ಬಿಡಿ. ಬೆರಳಲ್ಲಿ ಹಿಡಿದಾಗ ಮೆತ್ತನೆಯ ಉಂಡೆಯಾಗಬೇಕು. ಆಗ ಕೆಳಗಿಳಿಸಿ, ಸೌಟಿನ ಬೆನ್ನಿನಿಂದ ಪಾತ್ರೆಯ ಅಂಚಿಗೆ ಉಜ್ಜುತ್ತಾ ತಿರುವಿ. ಗಾಜಿನಂತಿದ್ದ ಪಾಕ ಮಬ್ಬಾಗುತ್ತದೆ, ಅಂಚಿನಲ್ಲಿ ಬೆಳ್ಳಗೆ ಕಾಣುತ್ತದೆ. ಅದೇ ಹೊತ್ತು. ತಡಮಾಡದೆ ಅಚ್ಚುಗಳಿಗೆ ಹೊಯ್ದುಬಿಡಿ.

ತಿರುವಿದ್ದೇಕೆಂದರೆ, ನೀರು ಆವಿಯಾಗಿ ಹೋದ ಪಾಕದಲ್ಲಿ ಹಿಡಿಸಲಾರದಷ್ಟು ಸಕ್ಕರೆ ಇರುತ್ತದೆ. ಕಲಕಿದಾಗ ಅದು ಸಣ್ಣ ಸಣ್ಣ ಹರಳಾಗಿ ಒಮ್ಮೆಗೇ ಕಟ್ಟಿಕೊಳ್ಳುತ್ತದೆ. ಬೇಗ ಹೊಯ್ದರೆ ಹರಳು ಕಟ್ಟದೆ ಅಂಟಾಗಿಯೇ ಉಳಿಯುತ್ತದೆ. ತಡವಾದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಹಾಗಾದರೆ ಏನೂ ನಷ್ಟವಿಲ್ಲ, ಎರಡು ಚಮಚ ನೀರು ಹಾಕಿ ಕರಗಿಸಿ ಮತ್ತೆ ಪಾಕಕ್ಕೆ ತನ್ನಿ. ಕೆಲವರು ನಿಂಬೆರಸ ಹಿಂಡುತ್ತಾರೆ. ಹಾಕುವುದಾದರೆ ಎರಡು ಮೂರು ಹನಿ ಮಾತ್ರ. ಹುಳಿ ಸಕ್ಕರೆಯನ್ನು ಒಡೆದು ಹರಳುಗಟ್ಟದಂತೆ ತಡೆಯುತ್ತದೆ, ಅರ್ಧ ಹೋಳು ಹಿಂಡಿದರೆ ಅಚ್ಚು ನಿಲ್ಲುವುದೇ ಇಲ್ಲ.

ಥರ್ಮಾಮೀಟರ್ ಇಟ್ಟುಕೊಂಡು ಮಾಡುವವರಿಗೆ ಒಂದು ಮಾತು. ಅಡುಗೆ ಪುಸ್ತಕಗಳ ಪಾಕದ ಅಂಕಿಗಳು ಸಮುದ್ರಮಟ್ಟಕ್ಕೆ ಬರೆದವು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಅಂದರೆ ಪುಸ್ತಕದಲ್ಲಿ 115 ಎಂದಿದ್ದರೆ ನಮಗೆ 112. ಆ ಮೂರು ಡಿಗ್ರಿ ಹೆಚ್ಚಾದದ್ದಕ್ಕೇ ಎಷ್ಟೋ ಮನೆಗಳಲ್ಲಿ ಪಾಕ ಕೈಕೊಡುತ್ತದೆ. ತಣ್ಣೀರಿನ ಹನಿಯನ್ನು ನಂಬಿದರೆ ಈ ಲೆಕ್ಕವೇ ಬೇಡ.

ಹೊಯ್ದು 10ರಿಂದ 15 ನಿಮಿಷಕ್ಕೆ ರಬ್ಬರ್ ಬ್ಯಾಂಡ್ ಬಿಚ್ಚಿ, ಎರಡೂ ಭಾಗವನ್ನು ನೇರವಾಗಿ ಎಳೆಯಿರಿ, ತಿರುಚಬೇಡಿ. ಅಂಚಿನಲ್ಲಿ ಉಳಿದ ಸಕ್ಕರೆಯನ್ನು ಚಾಕುವಿನ ತುದಿಯಿಂದ ಕೆರೆದು, ರಾತ್ರಿಯಿಡೀ ಬಟ್ಟೆಯ ಮೇಲೆ ಆರಲು ಬಿಡಿ. ಬಣ್ಣ ಬೇಕೆನಿಸಿದರೆ ಒಂದು ಚಮಚ ಬಿಸಿ ಹಾಲಿನಲ್ಲಿ ನೆನೆಸಿದ ಕೇಸರಿ ಚೆನ್ನ. ನನಗಂತೂ ಬಿಳಿ ಅಚ್ಚೇ ಇಷ್ಟ, ಹಬ್ಬದ ತಟ್ಟೆಯಲ್ಲಿ ಉಳಿದ ಬಣ್ಣಗಳೆಲ್ಲ ಹೇಗೂ ಇರುತ್ತವೆ.

ಪಾಕ ಕುದಿಯುವಾಗ ಮಕ್ಕಳು ಒಲೆಯ ಹತ್ತಿರ ಬೇಡ. ಸಕ್ಕರೆ ಪಾಕ ಕುದಿನೀರಿಗಿಂತ ಬಿಸಿ, ಮೈಗೆ ಬಿದ್ದರೆ ಅಂಟಿಕೊಂಡು ಸುಡುತ್ತದೆ. ಬಿದ್ದರೆ ತಕ್ಷಣ ನಲ್ಲಿಯ ಹರಿಯುವ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಐಸು, ಟೂತ್‌ಪೇಸ್ಟು, ಅರಿಶಿನ ಯಾವುದೂ ಹಚ್ಚಬೇಡಿ. ಬೊಬ್ಬೆ ದೊಡ್ಡದಾದರೆ ವೈದ್ಯರಿಗೆ ತೋರಿಸಿ. ಬಿಡಿಸುವ, ಕೆರೆಯುವ, ಜೋಡಿಸುವ ಕೆಲಸವೆಲ್ಲ ಮಕ್ಕಳದೇ ಆಗಲಿ.

ಉಳಿದ ಪುಡಿಯಿಂದ ಚಿಗಳಿ

ಜರಡಿಯಲ್ಲಿ ಇಳಿದ ಬೆಲ್ಲದ ಪುಡಿ, ಕೊಬ್ಬರಿಯ ತೀರ ಸಣ್ಣ ಚೂರು ಈಗ ಬರಲಿ. ಒಂದು ಲೋಟ ಹುರಿದ ಎಳ್ಳಿಗೆ ಮುಕ್ಕಾಲು ಲೋಟ ಬೆಲ್ಲದ ಪುಡಿ, ಎರಡು ಚಮಚ ಕೊಬ್ಬರಿ, ಎರಡು ಏಲಕ್ಕಿ. ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುವಿ. ಒಂದೇ ಸಮ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಒರಳಿನಲ್ಲಿ ಕುಟ್ಟುವ ಅವಕಾಶವಿದ್ದರೆ ಇನ್ನೂ ರುಚಿ. ಹಿಡಿದರೆ ನಿಲ್ಲುವಷ್ಟಾದಾಗ ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ. ಪಾಕವಿಲ್ಲ, ತುಪ್ಪವಿಲ್ಲ. ಹಲ್ಲಿಲ್ಲದ ಹಿರಿಯರಿಗೆ ಎಳ್ಳು-ಬೆಲ್ಲದ ಬದಲು ಇದನ್ನೇ ಕೊಡಿ. ಪುಟ್ಟ ಮಕ್ಕಳಿಗೂ ಇದೇ ಸರಿ. ಇಡಿಯ ಕಡಲೆಬೀಜ, ಹುರಿಗಡಲೆ ಅವರ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿರುತ್ತದೆ, ಚಿಗಳಿಯನ್ನು ಪುಡಿಮಾಡಿ ತಿನ್ನಿಸಬಹುದು.

ಹಳೇ ಕ್ಯಾಲೆಂಡರಿನ ಪೊಟ್ಟಣ

ಇಷ್ಟು ಮುತುವರ್ಜಿಯಿಂದ ಮಾಡಿದ್ದನ್ನು ತೆಳು ಪ್ಲಾಸ್ಟಿಕ್ ಕವರಿಗೆ ತುಂಬಿ ಸ್ಟೇಪ್ಲರ್ ಹೊಡೆಯುವುದು ಬೇಡ. ಕರ್ನಾಟಕದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧವಿದೆ. 2022ರ ಜುಲೈ 1ರಿಂದ ದೇಶವಿಡೀ ಜಾರಿಗೆ ಬಂದ ನಿಷೇಧದಲ್ಲಿ ಸಿಹಿ ಪೆಟ್ಟಿಗೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯೂ ಸೇರಿದೆ. ಮೇಲಾಗಿ ಸ್ಟೇಪ್ಲರ್ ಪಿನ್ನು ಎಳ್ಳಿನೊಳಗೆ ಬಿದ್ದರೆ ಯಾರಿಗೂ ಕಾಣುವುದಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಸರಿಯಾಗಿ ಪ್ರತಿ ಮನೆಯಲ್ಲೂ ಒಂದು ಗಟ್ಟಿ ಕಾಗದದ ದಾಸ್ತಾನು ಗೋಡೆಯಿಂದ ಕೆಳಗಿಳಿದಿರುತ್ತದೆ: ಹೋದ ವರ್ಷದ ಕ್ಯಾಲೆಂಡರು. 12 ಹಾಳೆ, ಪ್ರತಿಯೊಂದನ್ನೂ ಎರಡು ಮಾಡಿದರೆ 24 ಪೊಟ್ಟಣ. ತಿಥಿ, ನಕ್ಷತ್ರ, ಕೆಂಪು ಅಂಕಿಯ ಭಾನುವಾರಗಳು ಹೊರಗೆ ಕಾಣುವಂತೆ ಮಡಚಿದರೆ ಬೇರೆ ಅಲಂಕಾರವೇ ಬೇಡ. ದೇವರ ಪಟವಿರುವ ಭಾಗವನ್ನು ಕತ್ತರಿಸಿ ಬೇರೆಯಾಗಿ ಇಡಿ, ಎಲ್ಲಿಯೋ ತುಳಿತಕ್ಕೆ ಸಿಗಬಾರದು.

ಮಡಚುವ ಬಗೆ:

1. ಅರ್ಧ ಹಾಳೆಯನ್ನು ಅಡ್ಡವಾಗಿ, ಅಂಕಿಗಳು ಕೆಳಮುಖವಾಗುವಂತೆ ಇಡಿ. ಎಡ, ಬಲದ ಅಂಚುಗಳನ್ನು ನಡುವಿಗೆ ತಂದು ಒಂದೂವರೆ ಸೆಂಟಿಮೀಟರ್ ಒಂದರ ಮೇಲೊಂದು ಬರುವಂತೆ ಅಂಟಿಸಿ. ಕೊಳವೆಯಂತಾಯಿತು.

2. ಕೆಳಗಿನ ತುದಿಯನ್ನು 5 ಸೆಂಟಿಮೀಟರ್ ಮೇಲಕ್ಕೆ ಮಡಚಿ ಗೆರೆ ಮೂಡಿಸಿ.

3. ಆ ಮಡಿಕೆಯ ಬಾಯಿಯನ್ನು ಬಿಡಿಸಿ ಎರಡೂ ಪಕ್ಕಕ್ಕೆ ಅಗಲಿಸಿ. ಎರಡು ಪಕ್ಕದಲ್ಲೂ ತ್ರಿಕೋನಗಳು ಮೂಡುತ್ತವೆ. ಮೇಲಿನ, ಕೆಳಗಿನ ರೆಕ್ಕೆಗಳನ್ನು ನಡುಗೆರೆ ದಾಟುವಂತೆ ಮಡಚಿ ಒಂದರ ಮೇಲೊಂದು ಅಂಟಿಸಿ. ಇದೇ ತಳ.

4. ಒಣಗಿದ ಮೇಲೆ ಒಳಗೆ ಕೈಯಿಟ್ಟು ಬಿಡಿಸಿ ನಿಲ್ಲಿಸಿ.

ಅಂಟಿಗೆ ಎರಡು ಚಮಚ ಮೈದಾವನ್ನು ಅರ್ಧ ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಪಾರದರ್ಶಕವಾಗುವವರೆಗೆ ಕಾಯಿಸಿದರೆ ಸಾಕು. ಹುಳ ಬಾರದಿರಲೆಂದು ಮೈಲುತುತ್ತ ಬೆರೆಸುವ ಹಳೆಯ ರೂಢಿ ತಿನ್ನುವ ಪದಾರ್ಥದ ಹತ್ತಿರ ಬೇಡ.

ಎಳ್ಳು ಮಾತ್ರ ನೇರವಾಗಿ ಈ ಕಾಗದಕ್ಕೆ ತಾಗಬಾರದು. ಕ್ಯಾಲೆಂಡರಾಗಲಿ, ಪತ್ರಿಕೆಯಾಗಲಿ, ಅಚ್ಚಿನ ಮಸಿ ಆಹಾರಕ್ಕೆ ಇಳಿಯುತ್ತದೆ. ಪತ್ರಿಕೆಯಲ್ಲಿ ತಿಂಡಿ ಕಟ್ಟಬೇಡಿ ಎಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವೇ ಎಚ್ಚರಿಸಿದೆ. ಹುರಿದ ಕಡಲೆಬೀಜ, ಕೊಬ್ಬರಿಯಂತಹ ಎಣ್ಣೆಯಿರುವ ಪದಾರ್ಥಕ್ಕಂತೂ ಬೇಡವೇ ಬೇಡ. ಎಳ್ಳನ್ನು ಮೊದಲು ಬಟರ್ ಪೇಪರಿನಲ್ಲಿ ಮಡಚಿ, ಆ ಮೇಲೆ ಪೊಟ್ಟಣದೊಳಗಿಡಿ. ಬಾಯಿ ಮಡಚಿ, ಎರಡು ತೂತು ಹೊಡೆದು, ಹತ್ತಿ ದಾರ ಪೋಣಿಸಿ ಕಟ್ಟಿ. ಬಟರ್ ಪೇಪರು, ದಾರ, ಬಣ್ಣದ ಕಾಗದ ಎಲ್ಲವೂ ಅವೆನ್ಯೂ ರಸ್ತೆಯ ಸುತ್ತಮುತ್ತ ಸಿಗುತ್ತವೆ. ಹಸಿರು ಮಾರ್ಗದ ಮೆಟ್ರೊದಲ್ಲಿ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು, ಆ ಬೀದಿಗಳಿಗೆ ಕಾರು ತೆಗೆದುಕೊಂಡು ಹೋಗುವ ಯೋಚನೆ ಬೇಡ.

ರವಿಕೆ ಕಣದ ಚೀಲ

ಹತ್ತಿರದವರಿಗೆ, ಅಂದರೆ ಸೋದರತ್ತೆ, ಅಕ್ಕ, ಮಕ್ಕಳ ಟೀಚರು, ಮನೆಗೆಲಸಕ್ಕೆ ಬರುವ ಅಮ್ಮ, ಇವರಿಗೆ ಬಟ್ಟೆಯ ಚೀಲ ಹೊಲಿಯಿರಿ. ಬಟ್ಟೆಗೆ ಖರ್ಚಿಲ್ಲ. ಯಾವ ಮನೆಯ ಬೀರುವಿನಲ್ಲಿ ನೋಡಿದರೂ ಅರಿಶಿನ-ಕುಂಕುಮಕ್ಕೆ ಹೋದಾಗ ಬಂದ ರವಿಕೆ ಕಣಗಳ ಒಂದು ಅಡುಕು ಇರುತ್ತದೆ. ಯಾರೂ ಹೊಲಿಸಿಕೊಳ್ಳದೆ ಮನೆಯಿಂದ ಮನೆಗೆ ತಿರುಗುವ ಆ ಕಣಗಳಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ತೋಚಿಲ್ಲ. 80 ಸೆಂಟಿಮೀಟರ್ ಉದ್ದ, 90 ಅಗಲದ ಒಂದು ಕಣದಲ್ಲಿ ಹತ್ತು ಪುಟ್ಟ ಚೀಲಗಳಾಗುತ್ತವೆ.

15 ಸೆಂಟಿಮೀಟರ್ ಅಗಲ, 40 ಉದ್ದದ ತುಂಡು ಕತ್ತರಿಸಿ. ಎರಡೂ ಗಿಡ್ಡ ಅಂಚುಗಳನ್ನು ಹಿಂಬದಿಗೆ 4 ಸೆಂಟಿಮೀಟರ್ ಮಡಚಿ ಹೊಲಿಯಿರಿ, ಇದು ಲಾಡಿ ಹಾಕುವ ಜಾಗ. ಈಗ ತುಂಡನ್ನು ನಡುವಿಗೆ ಮಡಚಿ, ಒಳಮೈ ಹೊರಗಾಗಿ, ಲಾಡಿಯ ಜಾಗ ಬಿಟ್ಟು ಎರಡೂ ಪಕ್ಕ ಹೊಲಿಯಿರಿ. ಕೈಹೊಲಿಗೆಯಾದರೆ ಒತ್ತೊತ್ತಾಗಿರಲಿ, ಎಳ್ಳು ಸಣ್ಣ ಸಂದಿಯಲ್ಲೂ ಸೋರುತ್ತದೆ. ಮಗುಚಿ, 45 ಸೆಂಟಿಮೀಟರಿನ ಎರಡು ಲಾಡಿಗಳನ್ನು ಒಂದನ್ನು ಎಡದಿಂದ, ಇನ್ನೊಂದನ್ನು ಬಲದಿಂದ ಪೂರ್ತಿ ಸುತ್ತ ಪೋಣಿಸಿ ತುದಿ ಗಂಟುಹಾಕಿ. ಎರಡೂ ಕಡೆ ಎಳೆದರೆ ಬಾಯಿ ಬಿಗಿಯಾಗುತ್ತದೆ. ಹೊಸ ಬಟ್ಟೆ ಬಣ್ಣ ಬಿಡಬಹುದು, ಕತ್ತರಿಸುವ ಮೊದಲು ಒಮ್ಮೆ ಉಪ್ಪುನೀರಿನಲ್ಲಿ ಜಾಲಿಸಿ ಒಣಗಿಸಿ. ಇದರೊಳಗೂ ಎಳ್ಳಿಗೆ ಬಟರ್ ಪೇಪರಿನ ಸುತ್ತು ಇರಲಿ. ಹಬ್ಬ ಮುಗಿದ ಮೇಲೆ ಆ ಚೀಲ ಏಲಕ್ಕಿಗೋ ಚಿಲ್ಲರೆಗೋ ವರ್ಷಗಟ್ಟಲೆ ಬಳಕೆಯಾಗುತ್ತದೆ.

ಒಂದು ಚೀಟಿ, ಒಂದು ತಟ್ಟೆ

ಬೆಂಗಳೂರಿನ ಒಂದೇ ಮಹಡಿಯಲ್ಲಿ ಪಂಜಾಬಿನವರು, ಒಡಿಶಾದವರು, ಕೇರಳದವರು ಇರುತ್ತಾರೆ. ಎಳ್ಳು ಬೀರುವುದು ಎಂದರೇನೆಂದು ಅವರೆಲ್ಲರಿಗೂ ಗೊತ್ತಿರಬೇಕಿಲ್ಲ. ಮಹಾರಾಷ್ಟ್ರದವರಿಗೆ ಅವರದೇ ಎಳ್ಳುಂಡೆಯಿದೆ, ಅವರ ಮನೆಯಿಂದ ಮರುತಟ್ಟೆಯೂ ಬರುತ್ತದೆ. ಪ್ರತಿ ಪೊಟ್ಟಣಕ್ಕೂ ಒಂದು ಚೀಟಿ ಕಟ್ಟಿ, ಮಕ್ಕಳ ಕೈಯಲ್ಲಿ ಬರೆಸಿ. ಒಂದು ಬದಿಯಲ್ಲಿ ‘ಎಳ್ಳು-ಬೆಲ್ಲ ತಿಂದು ಒಳ್ಳೆ ಮಾತಾಡೋಣ’. ಇನ್ನೊಂದು ಬದಿಯಲ್ಲಿ ಕಟ್ಟಿದ ದಿನಾಂಕ, ಒಳಗಿರುವ ಐದು ಸಾಮಾನಿನ ಹೆಸರು. ಕಡಲೆಬೀಜ, ಎಳ್ಳು ಕೆಲವರಿಗೆ ಮೈಗೆ ಆಗುವುದಿಲ್ಲ, ಅಲರ್ಜಿ ತೀವ್ರವಾಗಿಯೂ ಬರಬಹುದು. ಕನ್ನಡ ಓದಲು ಬಾರದ ನೆರೆಯವರಿಗೆ ಅವರಿಗೆ ತಿಳಿಯುವ ಭಾಷೆಯಲ್ಲೂ ಬರೆಯಿರಿ.

ತಟ್ಟೆಯಲ್ಲಿ ಪೊಟ್ಟಣದ ಜೊತೆ ಒಂದು ಸಕ್ಕರೆ ಅಚ್ಚು, ಗೇಣುದ್ದದ ಕಬ್ಬಿನ ತುಂಡು, ನಾಲ್ಕು ಎಲಚಿ ಹಣ್ಣು, ಬಾಳೆಹಣ್ಣು, ಎಲೆ ಅಡಿಕೆ. ಕಬ್ಬನ್ನು ಅಂದೇ ಬೆಳಿಗ್ಗೆ ಕತ್ತರಿಸಿ, ಹಿಂದಿನ ದಿನವೇ ಕತ್ತರಿಸಿದರೆ ತುದಿ ಕೆಂಪಾಗಿ ಹುಳಿ ಬರುತ್ತದೆ. ಎಲಚಿ ಹಣ್ಣು, ಕಬ್ಬಿನ ತೇವ ತಾಗಿದರೆ ಸಕ್ಕರೆ ಅಚ್ಚು ಕರಗುತ್ತದೆ, ಅದನ್ನು ಪುಟ್ಟ ಬಟರ್ ಪೇಪರಿನಲ್ಲಿ ಸುತ್ತಿಡಿ. ಸಕ್ಕರೆ ಕಾಯಿಲೆ ಇರುವವರ ಮನೆಗೆ ಅಚ್ಚಿನ ಬದಲು ಒಂದು ಹಿಡಿ ಹೆಚ್ಚುವರಿ ಕಡಲೆಬೀಜ, ಕೊಬ್ಬರಿ ಹಾಕಿದರೆ ಅವರಿಗೂ ನೆಮ್ಮದಿ.

ಚೆನ್ನಾಗಿ ಒಣಗಿಸಿ ಬೆರೆಸಿದ ಎಳ್ಳು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಎರಡು ಮೂರು ವಾರ ಕೆಡದೆ ಇರುತ್ತದೆ. ಒದ್ದೆ ಕೈ, ಒದ್ದೆ ಚಮಚ ಹಾಕಬೇಡಿ, ಫ್ರಿಜ್ಜಿಗೂ ಇಡಬೇಡಿ, ಹೊರತೆಗೆದಾಗ ಬೆಲ್ಲ ಬೆವರುತ್ತದೆ. ಅಚ್ಚುಗಳನ್ನು ಬಿಸಿನೀರಿನಲ್ಲಿ ಅದ್ದಿ ಒಳಗಿನ ಸಕ್ಕರೆಯೆಲ್ಲ ಕರಗಿಸಿ ತೊಳೆದು, ನೆರಳಿನಲ್ಲಿ ನಾಲ್ಕೈದು ದಿನ ಒಣಗಿಸಿ. ನೆಂದ ಮರವನ್ನು ಬಿಸಿಲಿಗಿಟ್ಟರೆ ಸೀಳುತ್ತದೆ. ಒಣಗಿದ ಮೇಲೆ ಜೋಡಿ ಜೋಡಿಯಾಗಿ ದಾರ ಕಟ್ಟಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ಅಡಕತ್ತರಿಯ ಜೊತೆಗೇ ಎತ್ತಿಡಿ.